ಹಾಡದೆ ಬಿಟ್ಟ ಸಾಲು

ಕೊನೆಯ ಹಾಡಿನ ಕೊನೆಯ ಸಾಲನ್ನು ಯಾರೂ ಬಾಯಿಬಿಟ್ಟು ಹಾಡಬಾರದೆಂದು ಹಾರ್ಮೋನಿಯಂ ಮಾವ ಹೇಳಿದಾಗ ಹೊಸ ಮ್ಯಾನೇಜರು ನಕ್ಕುಬಿಟ್ಟ. ಆ ನಾಟಕ ಕಂಪನಿಯ ರೂಢಿಯೇ ಹಾಗಿತ್ತು. ಅಲ್ಲಿಗೆ ಬಂದಾಗ ನಾಯಕಿ ತುಟಿ ಮುಚ್ಚಿ ನಿಲ್ಲುವಳು, ಹಾರ್ಮೋನಿಯಂ ಒಂದೇ ನುಡಿಯುವುದು, ಪರದೆ ಬೀಳುವುದು. ಹಾಡು ಕಟ್ಟಿದವಳನ್ನು ಮೊದಲ ಆಟಕ್ಕೂ ಮುನ್ನವೇ ಹೊರಗೆ ಹಾಕಿದ್ದರಂತೆ. ಹೋಗುವಾಗ ಅವಳು ತನ್ನ ಜಡೆ ಕತ್ತರಿಸಿ, ಕೊನೆಯ ಸಾಲು ಇನ್ಯಾರ ಬಾಯಲ್ಲೂ ಬರಬಾರದೆಂದು ಏನೋ ಮಣಮಣ ಅಂದು, ಆ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯೊಳಗೆ ತುರುಕಿದ್ದಳಂತೆ. ತೆಗೆಯಲು ಯಾರಿಗೂ ಧೈರ್ಯ ಬಂದಿರಲಿಲ್ಲ.

"ಅರ್ಧಕ್ಕೆ ನಿಲ್ಲೋ ನಾಟಕನ ಬೇರೆ ಊರಿನೋರು ಯಾಕೆ ಕರೆಸ್ತಾರೆ ಮಾವ? ಒಂದು ಜಡೆಗೆ ಹೆದರಿ ಕೂತ್ರೆ ನಾವೆಲ್ಲ ತಲೆ ಬೋಳಿಸ್ಕೊಂಡು ಮನೆಗೆ ಹೋಗ್ಬೇಕಾಗುತ್ತೆ."

ಅವನ ಚಿಂತೆಯೂ ಸುಳ್ಳಲ್ಲ. ಅರ್ಧ ಕುರ್ಚಿಗಳು ಖಾಲಿ. ಭಾನುವಾರ ಮಧ್ಯಾಹ್ನದ್ದೇ ಕೊನೆಯ ಆಟ. ದೂರದ ಊರಿನ ಥಿಯೇಟರ್ ಮಾಲೀಕ ಅಂದು ನೋಡಲು ಬರುವವನಿದ್ದ. ಅವನಿಗೆ ಹಿಡಿಸಿದರೆ ನಾಟಕಕ್ಕೆ ಮರುಹುಟ್ಟು, ಇಲ್ಲದಿದ್ದರೆ ಎಲ್ಲರೂ ಗಂಟುಮೂಟೆ ಕಟ್ಟುವುದೇ.

ನಾಯಕಿ ಮ್ಯಾನೇಜರನ ತಂಗಿ. ಹೆತ್ತವರು ಹೋದ ಮೇಲೆ ಅವನೇ ಎತ್ತಿ ಬೆಳೆಸಿದವಳು. 'ಅಣ್ಣಾ' ಎಂಬ ಅವಳ ಕೂಗಿನಿಂದಲೇ ಅವನಿಗೆ ಬೆಳಗಾಗುತ್ತಿತ್ತು.

"ನಂಗ್ಯಾಕೋ ಭಯ ಅಣ್ಣ," ಅಂದಳು. "ಆದ್ರೂ ನೀನು ಹೇಳಿದ್ರೆ ಹಾಡ್ತೀನಿ."

ಬೇಡ ಅನ್ನಲು ದೇವರು ಅವನಿಗೊಂದು ಗಳಿಗೆ ಕೊಟ್ಟಿದ್ದ.

"ಹಾಡು," ಅಂದ.

ಭಾನುವಾರ. ಪರದೆಯ ಪಕ್ಕದ ಕತ್ತಲಲ್ಲಿ ಅವನು ನಿಂತಿದ್ದ. ಹಳೆಯ ಬಟ್ಟೆ, ಬಣ್ಣ, ಬೆವರಿನ ವಾಸನೆಯ ನಡುವಿನಿಂದ ಸುಟ್ಟ ಕೂದಲಿನ ಕಮಟು ಎದ್ದಿತು. ಕೊನೆಯ ಸಾಲು ಹತ್ತಿರ ಬಂತು. ಮಾವ ಬೆಚ್ಚಿ ಕೈ ಎತ್ತಿಬಿಟ್ಟ. ತಿದಿ ನಿಲ್ಲಲಿಲ್ಲ. ತಾನಾಗಿ ಉಬ್ಬಿತು. ಇಳಿಯಿತು. ಉಸಿರಾಡಿತು. ತಂಗಿ ಬಾಯಿ ತೆರೆದಳು. ದನಿ ಬಂತು. ಒಂದಲ್ಲ, ಎರಡು. ಆಮೇಲೆ ಒಂದೇ. ಅದು ಪೆಟ್ಟಿಗೆಯೊಳಗಿಂದ. ಅವಳ ಕೈ ಗಂಟಲಿಗೆ ಹೋಯಿತು. ಕಣ್ಣು ಅಣ್ಣನನ್ನು ಹುಡುಕಿತು. ಪರದೆ ಬಿತ್ತು. ಆಚೆ ಚಪ್ಪಾಳೆ ನಿಲ್ಲಲೇ ಇಲ್ಲ.

ನಾಟಕ ಈಗ ಊರಿಂದೂರಿಗೆ ಹೋಗುತ್ತದೆ. ರಂಗದ ಮೇಲೆ ತಂಗಿ ತುಟಿ ಆಡಿಸುತ್ತಾಳೆ, ಪೆಟ್ಟಿಗೆ ಅವಳ ದನಿಯಲ್ಲಿ ಹಾಡುತ್ತದೆ. ಕೆಳಗಿಳಿದರೆ ಅವಳಲ್ಲಿ ಬರೀ ಉಸಿರು. ಪೆಟ್ಟಿಗೆಯನ್ನು ಸುಡೋಣವೆಂದು ಮಾವ ಎಷ್ಟೋ ಸಲ ಹೇಳಿದ. ಸುಟ್ಟರೆ ಆ ದನಿಯೂ ಬೂದಿಯಾದೀತೆಂದು ಅಣ್ಣನಿಗೆ ಕೈ ಬರಲಿಲ್ಲ. ನಾಟಕ ನಿಲ್ಲಿಸುವ ಹಾಗೂ ಇಲ್ಲ.

ಬೆಳಿಗ್ಗೆ ಅವಳು ಭುಜ ಮುಟ್ಟಿ ಅವನನ್ನು ಎಬ್ಬಿಸುತ್ತಾಳೆ. ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ. ಅದೇ ಅವನನ್ನು ಸುಡುವುದು.

ಪ್ರತಿ ಆಟದಲ್ಲೂ ಅವನು ಪರದೆಯ ಪಕ್ಕ ಕೈಮುಗಿದು ನಿಂತು ಮೊದಲಿಂದ ಕೊನೆಯವರೆಗೆ ಕೇಳುತ್ತಾನೆ. ತಂಗಿಯ ದನಿ ಎಷ್ಟೋ ಮಾತು ಹಾಡುತ್ತದೆ. ಅಣ್ಣ ಎಂಬ ಮಾತು ಆ ಹಾಡುಗಳಲ್ಲಿ ಎಲ್ಲೂ ಇಲ್ಲ.