ಬೇಕರಿ ಭಟ್ಟಿಯಲ್ಲಿ ಉಡಚಮ್ಮನ ಸೈಕಲ್

"ಕೊಡಂಗಿಲ್ಲ ಅಂದ್ರ ಕೊಡಂಗಿಲ್ರಿ!"

ಗಂಗಾವತಿಯ ವೆಲ್ಡಿಂಗ್ ಅಂಗಡಿಯಲ್ಲಿ ಕನಕಪ್ಪ ಸೈಕಲ್ ಫ್ರೇಮನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ. ಅಷ್ಟು ದೊಡ್ಡದನ್ನು ಬಚ್ಚಿಡಲಾದೀತೇ? ಎರಡೂ ಕಡೆ ಕಾಣುತ್ತಿತ್ತು.

ಎದುರಿಗೆ ಆನೆಗುಂದಿಯ ನರ್ಸ್ ಉಡಚಮ್ಮ. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಬೆಸಿಗಿ ಹಾಕೂದು ಮುಗದೈತಲ್ರಿ! ಮತ್ಯಾಕ ಕೊಡಂಗಿಲ್ಲ?"

"ಬೆಸಿಗಿ ಬಿದ್ದ ಜಾಗ ಇನ್ನಾ ಮೆತ್ತಗೈತ್ರಿ. ಗಟ್ಟಿ ಆಗಾಕ ಹತ್ತು ಹದಿನೈದು ದಿನ ಸುಮ್ನ ಇಡಬೇಕು."

"ಇವತ್ತ ಶನಿವಾರ. ಸೋಮವಾರ ಡಾಕ್ಟ್ರಿಗೆ ಸೈಕಲ್ ತೋರಸಬೇಕು. ಇಲ್ಲಂದ್ರ ನನ್ನ ಯಲಬುರ್ಗಾ ಕಡಿ ಮಂಗಳೂರಿಗೆ ವರ್ಗಾ ಮಾಡ್ತಾರ. ಗೊತ್ತೈತಿಲ್ಲೋ ನಿಮಗ?"

"ಗೊತ್ತೈತ್ರಿ..."

"ಗೊತ್ತಿದ್ದೂ ಹಿಂಗಂತೀರಾ?"

ಕನಕಪ್ಪ ತಲೆ ತಗ್ಗಿಸಿದ. ಫ್ರೇಮನ್ನು ಮಾತ್ರ ಬಿಡಲಿಲ್ಲ.

ಉಡಚಮ್ಮ ಲಸಿಕೆ ಹಾಕುವ ಐದೂ ಹಳ್ಳಿಗಳ ದಾರಿ ಬರೀ ಬಂಡೆಗಲ್ಲು. ಬಾಡಿಗೆ ಸೈಕಲ್ ಎರಡು ಸಲ ಮುರಿದಿದ್ದಳು, ಇನ್ನು ಯಾರೂ ಕೊಡುತ್ತಿರಲಿಲ್ಲ. ನಡೆದು ಹೋದರೆ ಲಸಿಕೆ ಡಬ್ಬಿಯ ಮಂಜುಗಡ್ಡೆ ಅರ್ಧ ದಾರಿಯಲ್ಲೇ ನೀರು! ಸ್ವಂತ ಸೈಕಲ್ ಇಲ್ಲದ ನರ್ಸ್ ಇಲ್ಲಿ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಹೋದ ವರ್ಷ, ಎಂಬತ್ತೆಂಟರಲ್ಲಿ, ಹಂಪಿ ನೋಡಲು ಬಂದ ಪರದೇಶದವನೊಬ್ಬ ಆನೆಗುಂದಿಯ ಗುಡ್ಡದಲ್ಲಿ ಸೈಕಲ್ ಸಮೇತ ಉರುಳಿದ್ದ. ಉಡಚಮ್ಮ ಅವನ ಮೊಣಕಾಲಿಗೆ ಪಟ್ಟಿ ಕಟ್ಟಿದ್ದಳು. ಅವನು ಫ್ರೇಮು ಸೀಳಿದ ಸೈಕಲ್ಲನ್ನು ಅವಳಿಗೇ ಕೊಟ್ಟು ಹೋಗಿದ್ದ. ದಪ್ಪ ಟೈರು, ಗುಡ್ಡ ಹತ್ತುವ ಗೇರು, ಒಂದೇ ಕೈಯಲ್ಲಿ ಎತ್ತಬಹುದಾದ ಅಲ್ಯೂಮಿನಿಯಂ ಫ್ರೇಮು. ಊರಿನ ವೆಲ್ಡಿಂಗಿನವರೆಲ್ಲ "ಇದು ಕಬ್ಬಿಣ ಅಲ್ಲವ್ವಾ, ನಮ್ಮ ಕೈಲಾಗಂಗಿಲ್ಲ" ಎಂದು ಕೈಯೆತ್ತಿದ್ದರು. ಒಪ್ಪಿಕೊಂಡವನು ಕನಕಪ್ಪ ಒಬ್ಬನೇ. ಹೊಸಪೇಟೆಯ ಕಾರ್ಖಾನೆಯೊಂದರಲ್ಲಿ ಅವನು ಆ ಕೆಲಸ ಕಲಿತಿದ್ದ.

ಅವನ ಪರಿಚಯವಾದದ್ದು ಸಿರಿಂಜು ಕುದಿಸುವ ಪಾತ್ರೆಯಿಂದ. ಮೊದಲ ಸಲ ಅದು ನಿಜವಾಗಿಯೂ ಸೋರುತ್ತಿತ್ತು. ಎರಡನೇ ಸಲ ಸ್ವಲ್ಪ. ಮೂರನೇ ಸಲ ಅದರಲ್ಲಿ ತೂತೇ ಇರಲಿಲ್ಲ! ಕನಕಪ್ಪ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಎರಡೆರಡು ಸಲ ನೋಡಿ, ತೊಳೆದು ಕೊಟ್ಟಿದ್ದ.

ಆವತ್ತಿನಿಂದ ಉಡಚಮ್ಮನ ಮನಸ್ಸು ಅವಳ ಹತ್ತಿರ ಇರಲಿಲ್ಲ.

ಈಗ ನೋಡಿದರೆ... 'ನಾನು ಇದ್ದರೂ ಅಷ್ಟೇ, ಹೋದರೂ ಅಷ್ಟೇ ಇವನಿಗೆ!'

"ಇಟ್ಕೊಂಡು ಪೂಜಿ ಮಾಡ್ರಿ!" ಎಂದು ಸರ್ರನೆ ತಿರುಗಿದಳು. ಆನೆಗುಂದಿಯ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು.

ರವಿವಾರ ಮಧ್ಯಾಹ್ನ ಸೈಕಲ್ಲನ್ನು ಕಸಿದುಕೊಂಡಾದರೂ ಬರಬೇಕೆಂದು ಮತ್ತೆ ಬಂದಳು. ಅಂಗಡಿಯಲ್ಲಿ ಚಕ್ರಗಳಿದ್ದವು, ಹ್ಯಾಂಡಲ್ ಇತ್ತು. ಫ್ರೇಮೂ ಇಲ್ಲ, ಕನಕಪ್ಪನೂ ಇಲ್ಲ!

ಅಂಗಡಿ ಮಾಲೀಕ ಶಬ್ಬೀರಸಾಬ ಎಲೆ ಅಡಿಕೆ ಜಗಿಯುತ್ತ ಹೇಳಿದ, "ನಿಮ್ಮ ಸೈಕಲ್ಲಾ? ಕಾಸೀಮಬೀ ಬೇಕರಿ ಭಟ್ಟಿಯಾಗ ಇಟ್ಟಾನ್ರಿ."

"ಏನಂದ್ರಿ?! ಸೈಕಲ್ ಸುಡಾಕತ್ಯಾನಾ?"

ಶಬ್ಬೀರಸಾಬ ಬಾಯಲ್ಲಿದ್ದುದನ್ನು ಉಗುಳಿ ಉತ್ತರ ಹೇಳುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.

ಬೇಕರಿ ಹಿಂದೆ ಭಟ್ಟಿಯ ಬಾಯಿಯ ಮುಂದೆ ಕನಕಪ್ಪ ಕೂತಿದ್ದ. ಕಣ್ಣು ಕೆಂಪು, ಮೈಯೆಲ್ಲ ಬೆವರು. ಕಾಸೀಮಬೀ ಒಂದು ಚಿಟಿಕೆ ಹಿಟ್ಟನ್ನು ಒಳಗೆ ಎರಚಿ ಬಣ್ಣ ನೋಡುತ್ತಿದ್ದಳು.

"ಕೆಂಪಗಾತು, ಕಪ್ಪಾಗಿಲ್ಲ. ಹದ ಛಲೋ ಐತಿ ಬೇಟಾ," ಎಂದವಳು ಉಡಚಮ್ಮನನ್ನು ಕಂಡು ನಕ್ಕಳು. "ಬಾರವ್ವಾ! ನಿನ್ನಿ ಸಂಜೀಲಿಂದ ಕೈಕಾಲು ಹಿಡದಾನ ಇವ. ಮುಂಜಾನಿ ಬ್ರೆಡ್ ತಗದ್ನಿ, ಸೈಕಲ್ ಒಳಗ ಹಾಕಿದ. ನಮ್ಮಜ್ಜನ ಕಾಲದಿಂದ ಈ ಭಟ್ಟಿ ಇಂಥಾ ರೊಟ್ಟಿ ನೋಡಿಲ್ಲ!"

ಅವಳು ನಗುತ್ತಲೇ ಒಳಗೆ ಹೋದಳು. ಜಾಣೆ!

"ಏನ್ರಿ ಇದು?" ಉಡಚಮ್ಮ ಭಟ್ಟಿಯೊಳಗೆ ಇಣುಕಿದಳು.

"ಬೆಸಿಗಿ ಹಾಕಿ, ಕಾವಿನ ಹದ ತಿಳಿಯಾಕ ಫ್ರೇಮಿಗೆ ಸಾಬೂನು ಹಚ್ಚಿ, ಅದು ಕಪ್ಪಾಗೂತನ ಕಾಸಿ, ನೀರಾಗ ಅದ್ದೀನ್ರಿ. ಆಮ್ಯಾಲ ಹದಿನೈದು ದಿನ ಇಟ್ರ ತಾನ ಗಟ್ಟಿ ಆಗತೈತಿ. ಸಣ್ಣ ಕಾವಿನಾಗ ಎಂಟು ತಾಸು ಇಟ್ರೂ ಆಗತೈತಂತ ಹೊಸಪ್ಯಾಟಿ ಉಸ್ತಾದರು ಹೇಳಿದ್ರು. ನಿನ್ನಿ ನೀವು ಹ್ವಾದ ಮ್ಯಾಲ ನೆನಪಾತು."

"ನಿನ್ನೀನೇ ಕೊಟ್ಟಿದ್ರ ಏನಾಗ್ತಿತ್ತು?"

"ಗುಡ್ಡ ಇಳಿಯೂ ಮುಂದ ಮುರೀತಿತ್ರಿ." ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ. "ನಿಮಗ ವರ್ಗಾ ಆದ್ರ ನನ್ನ ಜೀವಕ್ಕ ತ್ರಾಸು. ಅದನ್ನ ನಾ ತಡಕೋತೀನಿ. ನೀವು ಬಿದ್ರ... ಅದು ನನ್ನ ಕೈಲಿ ಆಗಂಗಿಲ್ರಿ."

ಅಯ್ಯೋ! ಇಂಥವನಿಗೇ ಪೂಜೆ ಮಾಡಿಕೋ ಎಂದು ಬೈದಿದ್ದಳಲ್ಲ! ಉಡಚಮ್ಮ ಭಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಳು. ಎಂಟನೇ ತಾಸು ಮುಗಿಯುವವರೆಗೆ ಏಳಲಿಲ್ಲ. ಕಾಸೀಮಬೀ ಎರಡು ಸಲ ಚಹಾ ಕೊಟ್ಟಳು.

ಸಂಜೆ ಸೈಕಲ್ ಜೋಡಿಸಿಯಾಯಿತು. ಬೆಸುಗೆ ಪರೀಕ್ಷಿಸಲು ಕನಕಪ್ಪ ಶಬ್ಬೀರಸಾಬನನ್ನು ಮುಂದಿನ ಕೊಳವೆಯ ಮೇಲೆ ಕೂರಿಸಿಕೊಂಡ. ಶಬ್ಬೀರಸಾಬನ ತೂಕ ಅಕ್ಕಿ ಚೀಲಕ್ಕಿಂತ ಒಂದು ಕೈ ಮೇಲು! ಕಾಲುವೆ ದಂಡೆಯ ಕಲ್ಲುಗಳ ಮೇಲೆ ದಡ ದಡ ಹೊಡೆದ. "ಯಾ ಅಲ್ಲಾ! ಇಳಸೋ ಮಾರಾಯಾ!" ಎಂದು ಶಬ್ಬೀರಸಾಬ ಕೂಗುತ್ತಿದ್ದ.

ಬೆಸುಗೆ ಕೂದಲೆಳೆಯಷ್ಟೂ ಬಿಡಲಿಲ್ಲ.

"ಈಗ ಒಯ್ರಿ," ಕನಕಪ್ಪ ಹ್ಯಾಂಡಲನ್ನು ಅವಳ ಕೈಗಿತ್ತ.

ಅವಳು ಹತ್ತಲಿಲ್ಲ. "ನಾಳಿ ಡಾಕ್ಟ್ರು ಒಪ್ಪಲಿಲ್ಲಂದ್ರ?"

"ಮಂಗಳೂರಾಗೂ ಪಾತ್ರಿ ತೂತು ಬೀಳ್ತಾವಲ್ರಿ. ನನ್ನ ಬೆಸಿಗಿ ಸಿಲಿಂಡರ್ ಅಲ್ಲಿಗೇ ತರ್ತೀನಿ."

"ನನ್ನ ಬೆನ್ನತ್ತಿ ಬಂದ್ರ ಮಂದಿ ಏನಂತಾರ?"

"ಏನರ ಅನ್ಲಿ..."

"ಹಂಗಲ್ರಿ. ಮೊದ್ಲ ನಿಮ್ಮವ್ವನ ಕರಕೊಂಡು ನಮ್ಮ ಮನಿಗೆ ಬರ್ರಿ."

ಕನಕಪ್ಪ ಕೈಯನ್ನು ಅಂಗಿಗೆ ಒರೆಸಿಕೊಂಡ. "ಬಂದ್ರ... ನೀವು ಒಪ್ತೀರಾ?"

"ಒಪ್ಪದ ಕರಿಯಾಕ ನನಗೇನು ಹುಚ್ಚೇನ್ರಿ? ಇನ್ನಾ ಬಿಡಿಸಿ ಹೇಳಬೇಕಾ?"

"ಹೂಂ. ಒಂದ್ಸಲ ಬಿಡಿಸಿ ಹೇಳ್ರಿ."

ಉಡಚಮ್ಮ ಆಚೀಚೆ ನೋಡಿದಳು. ಶಬ್ಬೀರಸಾಬ ದೂರದಲ್ಲಿ ಸೊಂಟ ಒತ್ತಿಕೊಳ್ಳುತ್ತ ನಿಂತಿದ್ದ, ಈ ಕಡೆ ಗಮನವಿರಲಿಲ್ಲ.

"ನೀವಂದ್ರ ನನಗ ಜೀವಾರೀ... ಸಾಕಾ?"

"ಸಾಲಂಗಿಲ್ರಿ," ಎಂದ ಕನಕಪ್ಪ. "ಆದ್ರ ಇವತ್ತಿಗೆ ಇಷ್ಟ ಇರ್ಲಿ. ಕತ್ತಲಾಗೂದ್ರಾಗ ಮನಿ ಸೇರ್ರಿ. ಬುಧವಾರ ಅವ್ವನ ಕರಕೊಂಡು ಬರ್ತೀನಿ."