ಹೊಣೆಗಾರ್ತಿ ಬೊಮ್ಮಕ್ಕನೂ ನೆನಪಿಲ್ಲದ ಮನುಷ್ಯನೂ

ಬಹಳ ಹಿಂದೆ, ಮರಗಳಿಗೂ ಮಾತು ಬರುತ್ತಿದ್ದು ಮನುಷ್ಯರೇ ಕೇಳಿಸಿಕೊಳ್ಳದೆ ಇದ್ದ ಕಾಲದಲ್ಲಿ, ಬೆಳ್ಳಿದುರ್ಗವೆಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಪುಷ್ಪಕೇತು ಮಹಾರಾಜ. ರಾಜ ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಯಾರು ಕೊನೆಯಲ್ಲಿ ಮಾತಾಡಿದರೋ ಅವರ ಮಾತೇ ಅವನಿಗೆ ಸರಿ.

ಆ ರಾಜ್ಯದಲ್ಲಿ ಬೆಳಿಗ್ಗೆ ಕಳ್ಳತನವಾದರೆ ಸಂಜೆಯೊಳಗೆ ಕಳ್ಳ ಸಿಗುತ್ತಿದ್ದ. ಸಿಕ್ಕವನು ಹೊಡೆತವಿಲ್ಲದೆ, ಬೈಗುಳವಿಲ್ಲದೆ, ಕೈಮುಗಿದು ತಪ್ಪೊಪ್ಪಿಕೊಳ್ಳುತ್ತಿದ್ದ. ಮಂತ್ರವಾದಿ ಬುರುಡೆನಾಥ ಅವನ ತಲೆಯ ಮೇಲೆ ಬೆತ್ತ ಇಟ್ಟರೆ ಅವನು ಕಲ್ಲಾಗುತ್ತಿದ್ದ. ಆ ಕಲ್ಲನ್ನು ಕೋಟೆಯ ಗೋಡೆಗೆ ಸೇರಿಸುತ್ತಿದ್ದರು. ಗೋಡೆ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿತ್ತು. "ನಮ್ಮ ಕೊತ್ವಾಲನಂಥ ಕೊತ್ವಾಲ ಯಾವ ದೇಶದಲ್ಲಿದ್ದಾನೆ!" ಎಂದು ರಾಜ ಕಾವಲುಪಡೆಯ ಒಡೆಯ ಉದ್ದಂಡಯ್ಯನಿಗೆ ಶಾಲು ಹೊದಿಸುತ್ತಿದ್ದ. ಉದ್ದಂಡಯ್ಯನ ಮನೆಯಲ್ಲಿ ಶಾಲು ಇಡಲು ಜಾಗವೇ ಇರಲಿಲ್ಲ.

ಅದೇ ಊರಿನಲ್ಲಿ ಬೊಮ್ಮಕ್ಕನೆಂಬ ಹೊಣೆಗಾರ್ತಿ ಇದ್ದಳು. ಈಗಿನ ಕಾಲವಾಗಿದ್ದರೆ ವಕೀಲಮ್ಮ ಅನ್ನುತ್ತಿದ್ದರು. ಆರೋಪಿಯ ಪರವಾಗಿ ಸಭೆಯಲ್ಲಿ ನಿಂತು ಮಾತಾಡುವುದು ಅವಳಿಗೆ ತಂದೆಯಿಂದ ಬಂದ ಕಸುಬು. ಆದರೆ ಎಲ್ಲರೂ ತಾವಾಗಿಯೇ ತಪ್ಪೊಪ್ಪಿಕೊಳ್ಳುವ ಊರಿನಲ್ಲಿ ಹೊಣೆಗಾರ್ತಿಗೆ ಏನು ಕೆಲಸ? ಬಾಯಿ ಜೋರು, ಕೆಲಸವಿಲ್ಲ. ಮನೆಯಲ್ಲಿ ಅಡುಗೆ ಮಾಡುತ್ತಿದ್ದವನು ಅವಳ ಗಂಡನೇ. ಅವಳು ಬೇಯಿಸಿದ್ದನ್ನು ಒಂದು ಸಲ ತಿಂದ ಮೇಲೆ ಆ ಸಾಧು ಮನುಷ್ಯ ತಾನೇ ಸೌಟು ಹಿಡಿದಿದ್ದ.

ಒಂದು ದಿನ ಅರಮನೆಯ ದೇವಿಯ ಗುಡಿಯಿಂದ ಚಿನ್ನದ ನಂದಾದೀಪ ಕಳುವಾಯಿತು. ಹೊತ್ತು ಇಳಿಯುವುದರೊಳಗೆ ಉದ್ದಂಡಯ್ಯ ಒಬ್ಬ ಕಳ್ಳನನ್ನು ತಂದು ಸಭೆಯಲ್ಲಿ ನಿಲ್ಲಿಸಿದ. ದಪ್ಪ ಕೈಗಳ, ಪಾಪದ ಮುಖದ ಮನುಷ್ಯ.

"ನಿನ್ನ ಹೆಸರೇನು?" ರಾಜ ಕೇಳಿದ.

"ಗೊತ್ತಿಲ್ಲ ಬುದ್ಧಿ."

"ಊರು?"

"ಅದೂ ಗೊತ್ತಿಲ್ಲ."

"ದೀಪ ಕದ್ದವನು ನೀನೇ ತಾನೆ?"

ಅವನು ಸುತ್ತಲೂ ನೋಡಿದ. "ಇರಬಹುದು ಬುದ್ಧಿ. ಇಷ್ಟು ದೊಡ್ಡವರೆಲ್ಲ ಹೇಳುತ್ತಿದ್ದಾರಲ್ಲ, ಸುಳ್ಳು ಹೇಳುತ್ತಾರೆಯೇ?"

ಸಭೆ ನಕ್ಕಿತು. ಬೊಮ್ಮಕ್ಕನಿಗೆ ನಗು ಬರಲಿಲ್ಲ. ಬುರುಡೆನಾಥ ಬೆತ್ತ ಎತ್ತುವಷ್ಟರಲ್ಲಿ ಅವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಮಹಾಪ್ರಭು, ಇವನಿಗೆ ನಾನು ಹೊಣೆ."

ಉದ್ದಂಡಯ್ಯನ ಮೀಸೆ ಅಲುಗಿತು. "ಏನಮ್ಮ ಬೊಮ್ಮಕ್ಕ, ಕಾನೂನು ನೆನಪಿದೆಯೋ? ಇವನು ಮೂರು ದಿನ ನಿನ್ನ ಮನೆಯಲ್ಲಿರಬಹುದು. ನಿನ್ನ ಹೊಸ್ತಿಲು ನಾವು ದಾಟುವುದಿಲ್ಲ. ಆದರೆ ಅವನಾಗಿ ದಾಟಿ ಹೊರಗೆ ಬಂದರೆ ನಮ್ಮವನು. ಮೂರನೆಯ ದಿನ ವಾದ ಸೋತೆಯೋ, ಅವನು ಕಲ್ಲಾಗುತ್ತಾನೆ, ನಿನ್ನ ದನಿ ಶಾಶ್ವತವಾಗಿ ಹೋಗುತ್ತದೆ."

"ಗೊತ್ತು," ಎಂದಳು ಬೊಮ್ಮಕ್ಕ.

ಮನೆಗೆ ಬಂದು, "ರೀ, ಒಬ್ಬರಿಗೆ ಹೆಚ್ಚಿಗೆ ಮುದ್ದೆ ತಿರುವಿ," ಎಂದಳು. ವಿಷಯ ಕೇಳಿ ಗಂಡ, "ನಿನ್ನ ದನಿ ಹೋದರೆ ಮನೆ ಸ್ವಲ್ಪ ನಿಶ್ಶಬ್ದವಾಗಿರುತ್ತೆ ಬಿಡು," ಎಂದು ನಗಿಸಲು ನೋಡಿದ. ಆದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ. ಆ ಮನುಷ್ಯನೋ ಮುಂದಿಟ್ಟ ಬಿಸಿ ಮುದ್ದೆಯನ್ನು ಮುಟ್ಟಲಿಲ್ಲ. ಪೂರಾ ಆರುವ ತನಕ ಕೈಕಟ್ಟಿ ಕೂತಿದ್ದು, ತಣ್ಣಗಾದ ಮೇಲೆ ಆಸೆಯಿಂದ ತಿಂದ.

ಮಾರನೆಯ ದಿನ, ಗಡುವಿನ ಮೊದಲ ದಿನವೇ, ಮೊದಲ ಪರೀಕ್ಷೆ ಬಂತು. ಹಣೆತುಂಬ ಕುಂಕುಮ ಇಟ್ಟುಕೊಂಡ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಗೋಳೋ ಎಂದು ಅತ್ತಳು. "ಇವರು ನನ್ನ ಯಜಮಾನರು! ಹತ್ತು ವರ್ಷ ಸಂಸಾರ ಮಾಡಿದ್ದೀನಿ. ಬನ್ನಿ, ಮನೆಗೆ ಹೋಗೋಣ." ಅವನ ಮುಖ ಅರಳಿತು. ಎದ್ದೇಬಿಟ್ಟ. ಬೀದಿಯ ತಿರುವಿನಲ್ಲಿ ಕಾವಲುಭಟರ ಈಟಿಗಳು ಹೊಳೆಯುತ್ತಿದ್ದವು.

"ನಿಲ್ಲವ್ವ," ಎಂದಳು ಬೊಮ್ಮಕ್ಕ. "ಊಟದ ಹೊತ್ತು. ಗಂಡನಿಗೆ ನೀನೇ ಬಡಿಸಿ, ಉಣ್ಣಿಸಿ ಕರೆದುಕೊಂಡು ಹೋಗು."

ಹೆಂಗಸು ಒಳಗೆ ಬಂದಳು. ತಟ್ಟೆ ಹಾಕಿ, "ಮುದ್ದೆ ಬಡಿಸಲೋ, ಅನ್ನ ಬಡಿಸಲೋ?" ಎಂದಳು. ಹಬೆಯಾಡುವ ಮುದ್ದೆ ಇಟ್ಟು, "ತಿನ್ನಿ ತಿನ್ನಿ, ಆರಿಹೋದೀತು," ಎಂದು ಅವಸರ ಮಾಡಿದಳು.

ಬೊಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಇವನು ಬಿಸಿ ಮುದ್ದೆ ಮುಟ್ಟುವುದಿಲ್ಲ ಅಂತ ಒಂದು ದಿನ ನೋಡಿದ ನನಗೇ ಗೊತ್ತು. ಹತ್ತು ವರ್ಷ ಬಡಿಸಿದವಳಿಗೆ ಗೊತ್ತಿಲ್ಲವೇ?"

ಹೆಂಗಸು ಕಾಗೆಯಾದಳು. ಕಾ ಕಾ ಎನ್ನುತ್ತ ಗವಾಕ್ಷಿಯಿಂದ ಹಾರಿಹೋದಳು.

ಆ ಮನುಷ್ಯ ತಲೆ ತಗ್ಗಿಸಿ ಕೂತ. ಕಣ್ಣೀರು ತಟ್ಟೆಗೆ ಬಿತ್ತು. "ಕಾಗೆಯಾದರೂ ಆಗಲಿ ಅಕ್ಕ, ನನ್ನವರು ಅಂತ ಒಬ್ಬರು ಅಂದಿದ್ದರು," ಎಂದ. ಬೊಮ್ಮಕ್ಕ ಅವನ ತಟ್ಟೆಗೆ ಮಜ್ಜಿಗೆ ಬಡಿಸಿದಳು.

ಎರಡನೆಯ ದಿನ ನಡುಮಧ್ಯಾಹ್ನ ಎರಡನೆಯ ಪರೀಕ್ಷೆ ಬಂತು. ಮನೆಯ ಮುಂದೆ ಒಂದು ಮೃಗ ಬಂದು ಕೂತಿತು. ಮೈ ಹುಲಿಯದು, ಮುಖ ನಾಯಿಯದು, ಗಾತ್ರ ಕರುವಿನಷ್ಟು. ಅದು ಬಾಯಿ ತೆರೆದರೆ ಬಂದದ್ದು ಆ ಮನುಷ್ಯನದೇ ದನಿ.

"ದೀಪ ಕದ್ದವನು ನೀನೇ."

"ಇರಬಹುದು," ಎಂದ ಅವನು. ಮೃಗ ಎತ್ತಿನಷ್ಟು ದೊಡ್ಡದಾಯಿತು.

"ದೇವಿಯ ಗುಡಿ ಕತ್ತಲು ಮಾಡಿದವನು ನೀನೇ."

"ಇರಬಹುದು." ಮೃಗ ಆನೆಯಷ್ಟಾಯಿತು. ಅದರ ಉಸಿರಿಗೆ ಮಾಡಿನ ಹೆಂಚುಗಳು ಗಡಗಡ ಎಂದವು.

"ಹೊರಗೆ ಬಾ, ಶಿಕ್ಷೆ ತಗೋ."

ಅವನು ಹೊಸ್ತಿಲ ಮೇಲೆ ಕಾಲಿಟ್ಟ. ಬೊಮ್ಮಕ್ಕ ಹಾರಿ ಅವನ ಪಂಚೆಯ ಚುಂಗು ಹಿಡಿದಳು.

"ತಮ್ಮಾ, ಕದ್ದದ್ದು ನಿನಗೆ ನೆನಪಿದೆಯೋ?"

"ಇಲ್ಲ ಅಕ್ಕ."

"ಕದ್ದಿಲ್ಲ ಅನ್ನುವುದು ನೆನಪಿದೆಯೋ?"

"ಅದೂ ಇಲ್ಲ."

"ಹಾಗಾದರೆ ಗೊತ್ತಿಲ್ಲ ಅನ್ನು. ಅಷ್ಟೇ ಅನ್ನು. ಈಗ ನಿನ್ನ ಹತ್ತಿರ ಇರುವ ಸತ್ಯ ಅದೊಂದೇ. ಅದನ್ನೂ ಇವರಿಗೆ ಕೊಡಬೇಡ."

ಅವನು ತಿರುಗಿ ನೋಡಿದ. "ನಾನು ನಿಜವಾಗಿಯೂ ಕಳ್ಳನೇ ಆಗಿದ್ದರೆ ಅಕ್ಕ? ನಿಮ್ಮ ದನಿ ಹೋಗುತ್ತದಲ್ಲ?"

ಆ ಭಯ ಬೊಮ್ಮಕ್ಕನ ಎದೆಯಲ್ಲೂ ಇತ್ತು. ಆದರೂ ಹೇಳಿದಳು: "ಕಳ್ಳನಾಗಿದ್ದರೂ ನಿನಗೆ ನಾನೇ ಹೊಣೆ. ಒಳ್ಳೆಯವನು ಅಂತ ಗೊತ್ತಾದ ಮೇಲೆ ನಿನ್ನ ಪಕ್ಕ ನಿಲ್ಲೋಕೆ ಊರೇ ಬರುತ್ತೆ. ನಾನು ಬೇಕಾಗಿರುವುದು ಈಗ."

ಮೃಗ ಗರ್ಜಿಸಿತು. "ಕದ್ದವನು ನೀನೇ!"

"ಗೊತ್ತಿಲ್ಲ," ಎಂದ ಅವನು. ಮೃಗ ಎತ್ತಿನಷ್ಟಾಯಿತು.

"ಪಾಪಿ ನೀನೇ!"

"ಗೊತ್ತಿಲ್ಲ." ಕರುವಿನಷ್ಟಾಯಿತು.

"ನೀನೇ..."

"ಗೊತ್ತಿಲ್ಲ ಅಂದೆನಲ್ಲ!" ಮೃಗ ಕುಗ್ಗಿ ಕುಗ್ಗಿ ಒಂದು ಬಡಕಲು ನಾಯಿಮರಿಯಾಯಿತು. ಮಾಯೆ ಕಳಚಿದ ಅದು ಬಾಲ ಅಲ್ಲಾಡಿಸಿ, "ಅವ್ವಾ, ನಿನ್ನಿಂದ ನಾನೂ ಬದುಕಿದೆ," ಎಂದಿತು. "ಕದಿಯುವವರು ಕೊತ್ವಾಲನ ಭಟರೇ. ಆಮೇಲೆ ಯಾವನೋ ದಾರಿಹೋಕನನ್ನು ಹಿಡಿಯುತ್ತಾರೆ. ಮಂತ್ರವಾದಿ ಅವನ ನೆನಪನ್ನು ಸೋರೆಬುರುಡೆಗೆ ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಮದುವೆಯಾಗದವನನ್ನಾದರೆ ಮನೆಯವರು ಯಾರು ಕರೆದರೂ ಸಾಕು, ಮದುವೆಯಾದವನನ್ನು ಹೆಂಡತಿಯೇ ಎದುರಿಗೆ ನಿಂತು ಹೆಸರು ಹಿಡಿದು ಮೂರು ಸಲ ಕರೆಯಬೇಕು; ಆಗ ಬುರುಡೆ ಒಡೆಯುತ್ತದೆ, ಕಲ್ಲಾದವನೂ ಮತ್ತೆ ಮನುಷ್ಯನಾಗುತ್ತಾನೆ."

"ಇಷ್ಟು ಸುಲಭವೇ?"

"ಸುಲಭವಾಗಿದ್ದರೆ ಇಷ್ಟು ಹೊತ್ತಿಗೆ ಒಂದಾದರೂ ಒಡೆಯುತ್ತಿರಲಿಲ್ಲವೇ? ಮದುವೆಯಾದವರನ್ನೇ ಹಿಡಿದು ತನ್ನಿ ಎಂದು ಮಂತ್ರವಾದಿ ನಗುತ್ತಾನೆ. ಯಾಕೋ ನನಗೆ ತಿಳಿಯದು, ನಾನು ನಾಯಿ."

ಬೊಮ್ಮಕ್ಕ ಅದನ್ನೇ ಯೋಚಿಸುತ್ತ ಸಂಜೆ ಕೋಟೆಬಾಗಿಲಿಗೆ ಹೋದಳು. ಕಾಣೆಯಾದವರ ದೂರು ಕೊಡುವ ಜಾಗ ಅದು. ಅಲ್ಲಿ ಹೆಂಗಸರ ದೊಡ್ಡ ಗುಂಪೇ ನಿಂತಿತ್ತು. ಮುಂದಿದ್ದವಳು ಬುತ್ತಿಗಂಟು ಹಿಡಿದ ನಂಜವ್ವ ಎಂಬ ಹಳ್ಳಿಯ ಹೆಣ್ಣುಮಗಳು.

"ಗಂಡನ ಹೆಸರೇನು?" ಕಾವಲುಭಟ ಕೇಳಿದ.

ನಂಜವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. "ಅದೇ ಸ್ವಾಮಿ... ಶಿವನಿಗೆ ಮೂರು ಇರುತ್ತವಲ್ಲ, ಹಣೆಯಲ್ಲೊಂದು..."

"ಮೂರು ಕಣ್ಣಿನವನು ಯಾರೂ ಈ ಕಡೆ ಬಂದಿಲ್ಲ. ಹೆಸರು ಹೇಳದಿದ್ದರೆ ದೂರು ಇಲ್ಲ. ಮುಂದೆ ಯಾರು?"

ಮುಂದಿನವಳು ಚಂದ್ರನ ಕಡೆ ಕೈ ತೋರಿಸಿದಳು. ಅದರ ಮುಂದಿನವಳು ರಾಮನ ತಮ್ಮ ಎಂದಳು. ಭಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೊಮ್ಮಕ್ಕನಿಗೆ ಎಲ್ಲವೂ ಅರ್ಥವಾಯಿತು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಬೆಳ್ಳಿದುರ್ಗದ ಯಾವ ಹೆಂಗಸೂ ಹೆಸರು ಹೇಳುತ್ತಿರಲಿಲ್ಲ. ಆ ಪ್ರೀತಿಯನ್ನೇ ಪಾಪಿಗಳು ಬೀಗ ಮಾಡಿಕೊಂಡಿದ್ದರು.

"ಆ ಗಂಟಿನಲ್ಲಿ ಏನವ್ವ?" ಎಂದು ಬೊಮ್ಮಕ್ಕ ಕೇಳಿದಳು.

"ತಣ್ಣನೆ ಮುದ್ದೆ ಅಕ್ಕ. ಅವರಿಗೆ ಬಿಸಿ ಆಗುವುದಿಲ್ಲ."

ಬೊಮ್ಮಕ್ಕ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಗಂಡ ಬದುಕಿದ್ದಾನೆ ಎಂದು ತಿಳಿದು ನಂಜವ್ವ ಅಲ್ಲೇ ಕುಸಿದು ಕೂತಳು. ಆದರೆ ಹೆಸರು ಹಿಡಿದು ಕರೆಯಬೇಕು ಎಂದಾಗ ತಲೆ ಅಲ್ಲಾಡಿಸಿದಳು. "ಬದುಕಿದ್ದಾರೆ ಅಂತೀರಿ, ನನ್ನ ಬಾಯಿಂದಲೇ ಸಾಯಿಸು ಅಂತೀರಲ್ಲ. ನೀವು ನಿಮ್ಮವರ ಹೆಸರು ಹೇಳುತ್ತೀರಾ?" ಬೊಮ್ಮಕ್ಕನೂ ಒಮ್ಮೆಯೂ ಹೇಳಿದವಳಲ್ಲ. ಆದರೂ ನಾಳೆ ಎಲ್ಲರೂ ಸಭೆಗೆ ಬನ್ನಿ ಎಂದು ಹೇಳಿ ಮನೆಗೆ ಬಂದಳು.

ಮೂರನೆಯ ದಿನ ಸಭೆ ಸೇರಿತು. "ಮಹಾಪ್ರಭು," ಎಂದ ಉದ್ದಂಡಯ್ಯ, "ಇವನನ್ನು ಹುಡುಕಿಕೊಂಡು ಒಬ್ಬರಾದರೂ ದೂರು ಕೊಟ್ಟಿಲ್ಲ. ಒಳ್ಳೆಯವನಾಗಿದ್ದರೆ ಹುಡುಕುವವರು ಇರುತ್ತಿರಲಿಲ್ಲವೇ?" ರಾಜ ಹೌದೆಂದು ತಲೆದೂಗಿದ. ಬುರುಡೆನಾಥ ಬೆತ್ತ ಎತ್ತಿದ.

"ಹುಡುಕುವವರು ಇಲ್ಲಿದ್ದಾರೆ," ಎಂದಳು ಬೊಮ್ಮಕ್ಕ. ಕೋಟೆಬಾಗಿಲಿನ ಹೆಂಗಸರೆಲ್ಲ ಸಭೆಯೊಳಗೆ ಬಂದರು. ಮುಂದೆ ನಂಜವ್ವ.

ಗಂಡ ಅವಳನ್ನು ನೋಡಿ ಕೈಮುಗಿದ. "ಯಾರು ತಾಯಿ ನೀವು?"

ನಂಜವ್ವ ಬಿಕ್ಕಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಉದ್ದಂಡಯ್ಯ ಮೀಸೆಯಲ್ಲೇ ನಕ್ಕ. ಬೆತ್ತ ಕೆಳಗಿಳಿಯುತ್ತಿತ್ತು.

ಬೊಮ್ಮಕ್ಕ ತನ್ನ ಗಂಡನ ಕಡೆ ತಿರುಗಿದಳು. ಅವನು ಕಂಬದ ಪಕ್ಕ ನಿಂತಿದ್ದ, ಹೆಗಲ ಮೇಲೆ ಅಡುಗೆಮನೆಯ ಮಸಿಬಟ್ಟೆ. ತನ್ನ ದನಿ ಹೋದರೆ ಹೋಗಲಿ ಎಂದುಕೊಂಡಿದ್ದಳು. ಆದರೆ ಇವನಿಗೆ ಏನಾದರೂ ಆದರೆ? ಅವನು ಅವಳ ಕಣ್ಣು ನೋಡಿದ, ತಿಳಿದುಕೊಂಡ, ಹೇಳು ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ.

"ಸಿಂಗ್ರಯ್ಯಾ!" ಎಂದು ಬೊಮ್ಮಕ್ಕ ಕೂಗಿದಳು.

ಸಭೆಯ ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡರು. ರಾಜನ ಪಕ್ಕದಲ್ಲಿ ಕೂತಿದ್ದ ರಾಣಿ ಹಾ ಎಂದಳು. ಸಿಂಗ್ರಯ್ಯ ಎದೆ ಮುಟ್ಟಿ ನೋಡಿಕೊಂಡ. ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡಿಕೊಂಡ. ಆಮೇಲೆ, "ಇದ್ದೀನಿ ಕಣೇ," ಎಂದ.

ಅಳುತ್ತಿದ್ದ ನಂಜವ್ವನಿಗೆ ಅಳುವಿನ ನಡುವೆಯೇ ನಗು ಬಂತು. ಗಂಡನ ಎದುರಿಗೆ ನಿಂತಳು.

"ಮುಕ್ಕಣ್ಣ," ಎಂದಳು ಪಿಸುದನಿಯಲ್ಲಿ. ಮಂತ್ರವಾದಿಯ ಸೊಂಟದಲ್ಲಿ ಒಂದು ಬುರುಡೆ ಅಲುಗಿತು.

"ಮುಕ್ಕಣ್ಣ." ಬುರುಡೆ ಬಿರುಕು ಬಿಟ್ಟಿತು.

"ಮುಕ್ಕಣ್ಣಾ!" ಬುರುಡೆ ಫಟಾರೆಂದು ಒಡೆಯಿತು.

ಆ ಮನುಷ್ಯ ಕಣ್ಣು ಪಿಳುಕಿಸಿದ. "ನಂಜೀ, ಹಸು ಈಯಿತೇನೆ?" ಎಂದ.

"ಹೆಣ್ಣುಕರು," ಎಂದು ನಂಜವ್ವ ಅವನ ಎದೆಗೆ ತಲೆಯಿಟ್ಟಳು.

ಆಮೇಲೆ ಮುಕ್ಕಣ್ಣ ರಾಜನಿಗೆ ಕೈಮುಗಿದ. "ಬುದ್ಧಿ, ಏಣಿ ಹಿಡಿದದ್ದು ನಾನೇ. ಬೆಳಗಾಗುವ ಹೊತ್ತಿಗೆ ಭಟರು ದೀಪ ಇಳಿಸುತ್ತಿದ್ದರು. ಉಜ್ಜಿ ಬೆಳಗೋಕೆ ಇಳಿಸುತ್ತಿದ್ದಾರೆ ಅಂದುಕೊಂಡು, ಅಣ್ಣಾ ಕೈ ಹಾಕಲೇ ಅಂತ ಕೇಳಿದೆ. ಕೊತ್ವಾಲರ ಲಾಯದ ಹುಲ್ಲಿನೊಳಗೆ ಹೂತಿಟ್ಟದ್ದು ನೋಡಿ, ದೇವರ ದೀಪ ಇಲ್ಲಿ ಯಾಕೆ ಅಂದೆ. ಅಷ್ಟರಲ್ಲಿ ಹಿಡಿದುಕೊಂಡರು. ನನ್ನದೂ ತಪ್ಪಿದ್ದರೆ ಶಿಕ್ಷೆ ಕೊಡಿ."

ರಾಜನ ಆಳುಗಳು ಹೋಗಿ ಲಾಯದ ಹುಲ್ಲು ಕೆದಕಿ ದೀಪ ತಂದರು. "ಏನಿದು ಉದ್ದಂಡಯ್ಯ?" ಎಂದು ರಾಜ ಗುಡುಗಿದ.

"ನನಗೆ ನೆನಪಿಲ್ಲ ಮಹಾಪ್ರಭು," ಎಂದ ಉದ್ದಂಡಯ್ಯ. ಆ ಸಭೆ ಅಷ್ಟು ನಕ್ಕದ್ದು ಹಿಂದೆಂದೂ ಇಲ್ಲ.

ಅಷ್ಟರಲ್ಲಿ ಹೆಂಗಸರೆಲ್ಲ ಕೋಟೆಗೋಡೆಗೆ ಓಡಿದ್ದರು. ಚಂದ್ರಣ್ಣಾ! ಲಕ್ಷ್ಮಣಾ! ಮಾದಯ್ಯಾ! ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಹೆಸರುಗಳೆಲ್ಲ ಗೋಡೆಯ ಉದ್ದಕ್ಕೂ ಕೇಳಿದವು. ಬುರುಡೆಗಳು ಪಟಪಟ ಒಡೆದವು, ಕಲ್ಲುಗಳು ಮೈ ಮುರಿದು ಮನುಷ್ಯರಾಗಿ ಕೆಳಗಿಳಿದವು. ಒಬ್ಬ ಮುದುಕಿ ನಡುಗುವ ದನಿಯಲ್ಲಿ ಕರೆದಾಗ ಇಳಿದು ಬಂದವನು ಇಪ್ಪತ್ತರ ಹುಡುಗ. ಅವಳ ಬಿಳಿ ಕೂದಲು ಮುಟ್ಟಿ ಅವನು ಅತ್ತದ್ದನ್ನು ನೋಡಿ ಕಲ್ಲೆದೆಯ ಭಟರೂ ಮುಖ ತಿರುಗಿಸಿದರು.

ಗೋಡೆಯಲ್ಲಿ ದೊಡ್ಡ ದೊಡ್ಡ ಕಂಡಿಗಳಾದವು. ಅವನ್ನು ನಿಜವಾದ ಕಲ್ಲಿನಿಂದ ಮುಚ್ಚುವ ಕೆಲಸ ಉದ್ದಂಡಯ್ಯನಿಗೂ ಅವನ ಭಟರಿಗೂ ಬಿತ್ತು. ಬುರುಡೆ ಒಡೆದು ಮಂತ್ರ ಕಳೆದುಕೊಂಡ ಬುರುಡೆನಾಥ ಅವರಿಗೆ ಗಾರೆ ಕಲಸಿಕೊಡುತ್ತಿದ್ದ. ರಾಜ ಬೊಮ್ಮಕ್ಕನಿಗೆ ಶಾಲು ಹೊದಿಸಲು ಬಂದಾಗ, "ಶಾಲು ಬೇಡ ಮಹಾಪ್ರಭು, ಹೊಣೆ ನಿಂತು ವಾದಿಸುವವರಿಲ್ಲದೆ ಇನ್ನು ಯಾರಿಗೂ ಶಿಕ್ಷೆಯಿಲ್ಲ ಎಂದು ಡಂಗುರ ಸಾರಿಸಿ," ಎಂದಳು. ರಾಜ ಹಾಗೇ ಮಾಡಿದ. ಆ ಸಲ ಕೊನೆಯಲ್ಲಿ ಮಾತಾಡಿದವಳು ಅವಳೇ ಆಗಿದ್ದದ್ದು ರಾಜ್ಯದ ಪುಣ್ಯ. ಅಂದಿನಿಂದ ಬೆಳ್ಳಿದುರ್ಗದಲ್ಲಿ ಹೋದವರು ಮನೆಗೆ ಬಂದರು, ಬಂದವರು ಉಂಡರು, ಉಂಡವರು ನಿಶ್ಚಿಂತೆಯಿಂದ ಮಲಗಿದರು.

ಮುಕ್ಕಣ್ಣನೂ ನಂಜವ್ವನೂ ಆವತ್ತೇ ಹಳ್ಳಿಯ ದಾರಿ ಹಿಡಿದರು. ಬುತ್ತಿ ಬಿಚ್ಚಿ ತಣ್ಣನೆ ಮುದ್ದೆ ಮುರಿದು ತಿನ್ನುತ್ತ ಅವನು ಮುಂದೆ ಮುಂದೆ ನಡೆದ. ಒಂದು ಹೊಲ ದಾಟುವುದರೊಳಗೆ ಅವಳು ಹಿಂದಿನಿಂದ, "ಮುಕ್ಕಣ್ಣಾ," ಎಂದಳು.

"ಏನೇ?"

"ಏನಿಲ್ಲ. ಸುಮ್ಮನೆ ಕರೆದೆ."