ಒತ್ತು ಬಿಟ್ಟ ಮಾತು

ತರಗತಿಯಲ್ಲಿ ಯಾರೂ ಇನ್ನೂ ಒಂದಕ್ಷರ ಬರೆದಿರಲಿಲ್ಲ. ಆದರೂ ಪರದೆಯ ಮೂಲೆಯಲ್ಲಿ, ಬಂದ ಉತ್ತರಗಳನ್ನು ಎಣಿಸುವ ಜಾಗದಲ್ಲಿ, ಸೊನ್ನೆ ಇರಲಿಲ್ಲ.

ಭಾಷಾ ಟೀಚರ್ ಬೆಚ್ಚಿಬಿದ್ದಳು. ನಿನ್ನೆಯದು! ಅಭ್ಯಾಸಕ್ಕೆಂದು ಬರೆದದ್ದನ್ನು ಅಳಿಸಿಯೇ ಇಲ್ಲ!

ನಿನ್ನೆ ಇದೇ ಕೋಣೆಯಲ್ಲಿ ಕಂಪ್ಯೂಟರ್ ಸರ್ ಅವಳಿಗೆ ಈ ಹೊಸ ಆಟ ಕಲಿಸಿದ್ದ. ಪ್ರಶ್ನೆ ಗೋಡೆಯ ಮೇಲೆ, ಉತ್ತರ ಮಕ್ಕಳ ಮೊಬೈಲಿನಲ್ಲಿ. ಗುಂಡಿ ಒತ್ತಿದರೆ ಎಲ್ಲರ ಮಾತೂ ಮೋಡದ ಹಾಗೆ ಗೋಡೆಗೆ ಹಬ್ಬುತ್ತದೆ. ಒಂದೇ ಮಾತನ್ನು ಹೆಚ್ಚು ಮಂದಿ ಬರೆದಷ್ಟೂ ಅದು ದೊಡ್ಡದಾಗುತ್ತದೆ.

"ಒಂದಕ್ಷರ ಆಚೀಚೆ ಆದ್ರೂ ಬೇರೆ ಮಾತು ಅಂತಲೇ ಎಣಿಸುತ್ತೆ. ನಿಮಗಿಂತ ಸ್ಟ್ರಿಕ್ಟು," ಎಂದು ನಕ್ಕಿದ್ದ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ತುಸು ಹೆಚ್ಚು ಕಿರಿದಾಗುತ್ತದೆ. ಅದನ್ನು ಗಮನಿಸಿದ್ದೇ ಅವಳ ತಪ್ಪು.

"ಏನಾದ್ರೂ ಬರೆದು ನೋಡಿ. ಯಾರು ಬರೆದ್ರು ಅಂತ ಗೊತ್ತಾಗಲ್ಲ," ಎಂದವನು ಚಾರ್ಜರ್ ತರಲು ಹೊರಗೆ ಹೋದ.

ಪಾಠ ಭಯದ ಬಗ್ಗೆ ಒಂದು ಪುಟ್ಟ ಕವಿತೆ. ಪ್ರಶ್ನೆ: ನಿಮಗೆ ಯಾವುದರ ಭಯ? ಬಾಯಿ ಹೇಳಲಾರದ್ದನ್ನು ಬೆರಳು ಬರೆದುಬಿಟ್ಟಿತು. ಅವಸರದಲ್ಲಿ 'ಇಲ್ಲ'ದ ಒತ್ತೂ ಬಿಟ್ಟುಹೋಯಿತು: 'ಇಲ ಅಂದುಬಿಟ್ರೆ?' ಅಷ್ಟರಲ್ಲಿ ಸ್ಟಾಫ್‌ರೂಮಿನಿಂದ ಕರೆ ಬಂದು ಎದ್ದು ಓಡಿದ್ದಳು.

ಇವತ್ತು ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ಮೇಡಂ. ಅವರ ಪಕ್ಕದಲ್ಲಿ, ಲ್ಯಾಪ್‌ಟಾಪ್ ಕೈಕೊಟ್ಟರೆ ಇರಲಿ ಎಂದು, ಅವನು. ಮಾತಿಗೆ ಹೆಸರಿಲ್ಲ, ನಿಜ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ತನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ. ಅಳಿಸುವುದು ಹೇಗೆಂದು ಮರೆತೇ ಹೋಗಿತ್ತು. ಕೇಳಬೇಕೆಂದರೆ ಅವನನ್ನೇ ಕೇಳಬೇಕು!

"ಮಿಸ್, ಎಲ್ಲರದ್ದೂ ಆಯ್ತು. ಒತ್ತಿ ಮಿಸ್!"

ಕಣ್ಣು ಮುಚ್ಚಿ ಒತ್ತಿದಳು.

ಮಕ್ಕಳು ಹೋ ಎಂದರು. ಗೋಡೆಯ ನಡುವೆ ಆನೆಯಂಥ 'ಗಣಿತ'. ಅದರ ಸುತ್ತ 'ಕತ್ತಲೆ', 'ರಿಸಲ್ಟು', ಮೂಲೆಯಲ್ಲಿ ಒಂಟಿಯಾಗಿ 'ಹಲ್ಲಿ'. ಅದರ ಮೇಲೆಯೇ, 'ಇಲ ಅಂದುಬಿಟ್ರೆ?'

"ಇಲ ಅಂದ್ರೇನೋ?"

"ಇಲಿ ಇರ್ಬೇಕು ಕಣೋ. ಹಲ್ಲಿ ಪಕ್ಕದಲ್ಲೇ ಇದೆ."

ತರಗತಿ ಬಿದ್ದು ಬಿದ್ದು ನಕ್ಕಿತು. ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಯಾರೋ ಒತ್ತು ನುಂಗಿದ್ದಾರೆ. ತಿದ್ದಿ, ಟೀಚರ್," ಎಂದರು ಮೇಡಂ.

"ಒಬ್ರಲ್ಲ ಮೇಡಂ, ಇಬ್ರು!" ಮುಂದಿನ ಬೆಂಚಿನ ಜಡೆಯ ಹುಡುಗಿ ಎದ್ದು ನಿಂತಳು. "ನೋಡಿ, ಹಲ್ಲಿಗಿಂತ ದೊಡ್ಡದಾಗಿದೆ."

ಇಬ್ಬರೇ? ತಾನು ಬರೆದದ್ದು ಒಂದೇ ಸಲ. ಇದೇ ಮಾತು, ಇದೇ ತಪ್ಪು, ಇನ್ನೊಬ್ಬರಿಗೆ ಹೇಗೆ ಹೊಳೆಯಿತು?

ಹೆದರುತ್ತಲೇ ಹಿಂದಿನ ಬೆಂಚಿನ ಕಡೆ ನೋಡಿದಳು. ಅವನು ಚಾರ್ಜರಿನ ವೈರನ್ನು, ಜನ್ಮದಲ್ಲಿ ವೈರೇ ಕಾಣದವನ ಹಾಗೆ, ಪರೀಕ್ಷಿಸುತ್ತಿದ್ದ. ಕಿವಿಗಳು ಮಾತ್ರ ಕೆಂಪೇರಿದ್ದವು.

ಗಂಟೆ ಹೊಡೆಯಿತು. "ಪಾಠ ಚೆನ್ನಾಗಿತ್ತು," ಎಂದು ಮೇಡಂ ಮಕ್ಕಳ ಹಿಂದೆ ಹೊರಟರು. ಅವನು ಉಳಿದ.

"ನಿನ್ನೆ ಅಳಿಸೋಣ ಅಂತಲೇ ತೆರೆದೆ," ಎಂದ, ವೈರಿಗೆ ಹೇಳುವವನಂತೆ.

"ಮತ್ತೆ... ಯಾಕೆ ಅಳಿಸ್ಲಿಲ್ಲ?"

"ನನ್ನ ಭಯನೂ ಅದೇ. ಅದಕ್ಕೇ ನಾನೂ ಬರೆದೆ."

"ತಪ್ಪನ್ನೂ ಸೇರಿಸಿ?"

"ತಿದ್ದಿ ಬರೆದಿದ್ರೆ ಎರಡೂ ಬೇರೆ ಬೇರೆ ಉಳಿದುಬಿಡ್ತಿದ್ವಲ್ಲ."

ಅವಳು ಗೋಡೆಯ ಮೇಲಿನ ಆ ಮಾತನ್ನು ಮತ್ತೊಮ್ಮೆ ನೋಡಿದಳು.

"ನೀವು ಯಾರನ್ನ ನೆನೆಸ್ಕೊಂಡು ಬರೆದ್ರೋ ಗೊತ್ತಿಲ್ಲ," ಎಂದ. "ನಾನು ನಿಮ್ಮನ್ನ. ಈಗ ನೀವು..." ವೈರನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಇಷ್ಟು ಹೊತ್ತೂ ಈ ಕೋಣೆಯಲ್ಲಿ ಹೆದರಿದ್ದವಳು ತಾನೊಬ್ಬಳೇ ಅಲ್ಲ!

ಬೋರ್ಡಿನ ಕಡೆ ತಿರುಗಿ ನಿಂತಳು. ಮುಖ ತೋರಿಸಿಕೊಂಡು ಹೇಳುವಷ್ಟು ಧೈರ್ಯ ಇನ್ನೂ ಇರಲಿಲ್ಲ.

"ನಾನು ಹಾಗನ್ನಲ," ಎಂದಳು, ಪಿಸುದನಿಯಲ್ಲಿ.

ಬೆನ್ನ ಹಿಂದೆ ಅವನು ನಕ್ಕದ್ದು ಕೇಳಿಸಿತು. ಎಡಗಣ್ಣು ಈಗ ಎಷ್ಟು ಕಿರಿದಾಗಿರಬಹುದೆಂದು ನೋಡದೆಯೇ ತಿಳಿಯಿತು.

"ಸ್ವಲ್ಪ ಒತ್ತು ಕೊಟ್ಟು ಹೇಳಿ, ಟೀಚರ್."

ಅವಳು ಅವನತ್ತ ತಿರುಗಿದಳು.

"ಇಲ್ಲ ಅನ್ನಲ್ಲ," ಎಂದಳು, ಈ ಸಲ ಒಂದು ಒತ್ತನ್ನೂ ಬಿಡದೆ.